ಜಗಲಿಯಿಂದ ಕಂಡ ಮೊಮ್ಮಗಳು

ಲಸಿಕೆ ಎಂದರೆ ಮಕ್ಕಳ ಬಾಬತ್ತು, ಮೀಸೆ ಬಂದ ಮೇಲೆ ಅದು ಮುಗಿಯಿತು ಎಂದು ಅರವತ್ತೈದು ದಾಟುವವರೆಗೂ ನಂಬಿದ್ದೆ. ನಂಬಿದ್ದೆ ಅನ್ನುವುದು ಮರ್ಯಾದೆಯ ಮಾತು. ನಿಜ ಹೇಳಬೇಕೆಂದರೆ ನನಗೆ ಸೂಜಿ ಕಂಡರೆ ಭಯ. ಹನಗೋಡಿನ ನಮ್ಮ ಕೊಟ್ಟಿಗೆಯ ಎರಡು ಹಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಒಂದು ಸಲವೂ ತಪ್ಪಿಲ್ಲ. ಅವುಗಳ ಹಗ್ಗ ಹಿಡಿದು, "ಏನಾಗಲ್ಲ ಸುಮ್ನಿರು" ಎಂದು ಧೈರ್ಯ ಹೇಳುವವನೂ ನಾನೇ. ತಂಬಾಕು ಬೇಯಿಸುವ ಬ್ಯಾರನ್ನಿನಲ್ಲಿ ತುಕ್ಕು ಮೊಳೆ ನನ್ನ ಕಾಲಿಗೆ ಹೊಕ್ಕಾಗ ಮಾತ್ರ ಅರಿಸಿನ ಮೆತ್ತಿಕೊಂಡು, ಆಸ್ಪತ್ರೆಗೆ ಹೋಗಿಬಂದವನ ಹಾಗೆ ಗಂಭೀರವಾಗಿ ಕುಂಟುತ್ತಾ ಮನೆಗೆ ಬಂದಿದ್ದೆ.

ಪಿರಿಯಾಪಟ್ಟಣದಲ್ಲಿರುವ ಮಗಳು ಸವಿತಾಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೋದ ತಿಂಗಳು ಹೆಣ್ಣುಮಗು ಆಯಿತು. ನನ್ನವಳು ಬದುಕಿದ್ದರೆ ಬಾಣಂತನ ನಮ್ಮ ಮನೆಯಲ್ಲೇ ಆಗುತ್ತಿತ್ತು. ಅವಳಿಲ್ಲದ ಮನೆಯಲ್ಲಿ ಎಣ್ಣೆನೀರು ಹಾಕುವವರು ಯಾರು? ಬೀಗಿತ್ತಿಯೇ ಎಲ್ಲ ವಹಿಸಿಕೊಂಡರು. ಸವಿತಾ ಫೋನಿನಲ್ಲಿ, "ಅಪ್ಪ, ಮಗೂಗೆ ನಾಯಿಕೆಮ್ಮು ಅಂಟಬಾರ್ದು ಅಂತ ದೊಡ್ಡೋರೂ ಇಂಜೆಕ್ಷನ್ ಆಕುಸ್ಕಬೇಕಂತೆ. ಎರಡು ವಾರ ಕಳುದ್ಮೇಲೆ ಎತ್ಕಬೋದಂತೆ. ಆಕುಸ್ಕಂಡ್ಯಾ?" ಎಂದಳು.

"ಆಗ್ಲೇ ಆಯ್ತು ಕಣವ್ವ" ಎಂದೆ. ಸುಳ್ಳಿಗೆ ಸೂಜಿ ಬೇಕಿಲ್ಲವಲ್ಲ.

ಹಸುಗಳನ್ನು ತಮ್ಮನಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಮಗಳ ಮನೆ ತಲುಪಿ, ಕೈಕಾಲು ತೊಳೆದು ಜಗಲಿಯ ಮೇಲೆ ಕುಳಿತೆ. ಬೀಗಿತ್ತಿ ಮಗುವನ್ನು ತಂದು ನನ್ನ ತೊಡೆಯತ್ತ ಬಾಗಿದರು. ಮಗು ಆಕಳಿಸಿತು. ಕಡಲೆಕಾಳಿನಷ್ಟು ಬಾಯಿ. ನನ್ನ ಉಸಿರು ಅದರೊಳಗೆ ಹೋದೀತು ಅನ್ನಿಸಿ, ಚಾಚಿದ ಕೈ ಹಿಂದಕ್ಕೆ ಬಂತು.

"ಕೊಡಬ್ಯಾಡಿ ಅಮ್ಮ. ನಾನು ಆಕುಸ್ಕಂಡಿಲ್ಲ."

ಸವಿತಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಒಂಬತ್ತು ವರ್ಷ ಕಾದೋನು, ಒಂದು ಸೂಜಿಗೆ ಎದ್ರುಕೊಂಡ್ಯಾ ಅಪ್ಪ?" ಎಂದಳು ಅಷ್ಟೆ. ಅಳಿಯಂದಿರು ಬೈಕು ತೆಗೆದು ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಚುಚ್ಚುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆಯುವ ಮೊದಲೇ ಮುಗಿದಿತ್ತು. ಇಷ್ಟಕ್ಕೇ ಇಷ್ಟು ವರ್ಷ ಓಡಿದೆನೇ ಎಂದು ನಾಚಿಕೆಯಾಯಿತು.

ಇವತ್ತಿಗೆ ಆರು ದಿನ. ಎರಡು ವಾರ ತುಂಬುವವರೆಗೂ ಜಗಲಿ ನನ್ನ ಗಡಿ. ಒಳಗೆ ಮಗು ಅತ್ತರೆ ಏಳುತ್ತೇನೆ, ನಿಂತೇ ಇರುತ್ತೇನೆ, ಮತ್ತೆ ಕೂರುತ್ತೇನೆ. ಸುಮ್ಮನೆ ಕೂರಬಾರದೆಂದು ಮಗುವಿನ ಬಟ್ಟೆ ಒಣಹಾಕಿ ಮಡಚುವ ಕೆಲಸ ಕೇಳಿ ಪಡೆದಿದ್ದೇನೆ. ಬೆಳಿಗ್ಗೆ ಬಿಸಿಲಲ್ಲಿ ಒಣಗಿದ ಅಂಗಿಯೊಂದನ್ನು, ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು, ಕೆನ್ನೆಗೆ ಒತ್ತಿಕೊಂಡು ನಿಂತಿದ್ದೆ. ಬೀಗಿತ್ತಿ ಬಾಗಿಲಲ್ಲಿ ಕಾಣಿಸಿಕೊಂಡರು.

"ಏನ್ ಬೀಗ್ರೇ, ಏನ್ ಮಾಡ್ತಿದ್ದೀರಿ?"

"ಒಣಗದ್ಯಾ ಅಂತ ನೋಡ್ತಿದ್ದೆ ಕಣಮ್ಮ" ಎಂದೆ.