ಬಾಯಿ ನೋಡುವ ಡಾಕ್ಟರ್ ಬಾಯಿ

ಕೀಲುನೋವಿನ ಡಾಕ್ಟರ ಕೋಣೆಯಲ್ಲಿ ಬರೀ ನರಳಾಟ ಇರುತ್ತದೆಂದು ಜನ ತಿಳಿದಿದ್ದಾರೆ. ನರಳಾಟ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ವಿದ್ಯಾನಗರದ ನನ್ನ ದವಾಖಾನೆಯಲ್ಲಿ ನಕ್ಕಷ್ಟು ನಾನು ಮದುವೆ ಮನೆಯಲ್ಲೂ ನಕ್ಕಿಲ್ಲ. ಈಗ ಆ ಕಟ್ಟಡ ಕೆಡವಿ ಬಟ್ಟೆ ಅಂಗಡಿ ಮಾಡಿದ್ದಾರೆ. ಅದರ ಮುಂದೆ ಹಾಯುವಾಗಲೆಲ್ಲ ಕಿಟಕಿ ಪಕ್ಕದ ಮರದ ಬೆಂಚು, ಅದರ ಮೇಲೆ ಕಾಲು ಮಡಚಲು ಹೋಗಿ "ಯಪ್ಪಾ" ಎನ್ನುತ್ತಿದ್ದವರು ಕಣ್ಣಿಗೆ ಕಟ್ಟುತ್ತಾರೆ. ಒಬ್ಬಳೇ ನಗುತ್ತ ನಡೆಯುತ್ತೇನೆ.

ಗೋದಾಮಿನ ಕಾವಲು

ಹತ್ತಿ ವ್ಯಾಪಾರಿಯೊಬ್ಬರಿಗೆ ಎರಡೂ ಮಣಿಕಟ್ಟು ಬಾತಿದ್ದವು. "ಏನು ರೋಗರೀ ಇದು?" ಎಂದು ಕೇಳಿದರು.

"ನಮ್ಮ ಮೈಯಾಗ ಒಂದು ಕಾವಲು ಪಡೆ ಇರತೈತ್ರಿ. ಹೊರಗಿನ ರೋಗಾಣು ಬಂದ್ರ ಅದು ಹೊಡಿಬೇಕು. ನಿಮ್ಮ ಪಡೆ ಗುರುತು ತಪ್ಪಿ ನಿಮ್ಮ ಕೀಲನ್ನಽ ಹೊಡ್ಯಾಕತ್ತೈತಿ" ಎಂದೆ.

ಅವರ ಮುಖ ಅರಳಿತು. "ತಿಳೀತ್ರಿ! ನಮ್ಮ ಗೋದಾಮಿನ ವಾಚಮನ್ ಇದ್ದಂಗ. ಕಳ್ಳರು ಬಂದಾಗ ಗೊರಕಿ ಹೊಡದ. ಮುಂಜಾನೆ ನಾ ಬೀಗ ತೆಗಿಯಾಕ ಹೋದ್ರ ನನಗಽ ಬಡಿಗಿ ಬೀಸಿದ."

"ಕೆಲಸ ಬಿಡಿಸಿದ್ರೇನು?"

"ಎಲ್ಲೀದು ಬಿಡಸೋದ್ರಿ, ನಮ್ಮಪ್ಪನ ಕಾಲದವ. ಬಡಿಗಿ ಕಸಗೊಂಡು ಚಾ ಕೊಡಾಕ ಹಚ್ಚೇನಿ."

"ನನ್ನ ಗುಳಿಗಿ ಮಾಡೋದೂ ಅಷ್ಟಽರಿ. ಕಾವಲುಗಾರ ಇರಬೇಕು, ಬಡಿಗಿ ಸಣ್ಣದಾಗಬೇಕು."

ಅವರು ಚೀಟಿ ಕಿಸೆಗೆ ಹಾಕಿ, ಬಾಗಿಲ ತನಕ ಹೋಗಿ ತಿರುಗಿ ನಿಂತರು. "ಆದ್ರ ಡಾಕ್ಟರ್ ಬಾಯಾರ, ಅವ ಬಂದವರಿಗೆಲ್ಲ ಚಾ ಕೊಟ್ಟು ನನ್ನೊಬ್ಬನ್ನ ಬಿಡತಾನ್ರಿ. ಗುರುತು ಇನ್ನೂ ಹತ್ತಿಲ್ಲ!"

ಬಸ್ಸಿನ ಗುಣ

ಇಂಥ ರೋಗಗಳಿಗೆ 'ಆಟೋಇಮ್ಯೂನ್' ಎಂದು ಹೆಸರು. ಧಾರವಾಡದಿಂದ ಬಂದ ಒಬ್ಬ ಹೆಣ್ಣುಮಗಳಿಗೆ ಅವಸರದಲ್ಲಿ ಅಷ್ಟು ಹೇಳಿ ಗುಳಿಗೆ ಬರೆದುಕೊಟ್ಟೆ. ಆಕೆ ಗಂಭೀರವಾಗಿ ತಲೆಯಾಡಿಸಿದಳು. "ನನಗ ಮೊದಲಽ ಸಂಶಯ ಇತ್ರಿ. ನಮ್ಮ ಓಣಿ ರಸ್ತಾನೂ ಹಂಗಽ ಐತಿ."

ಮುಂದಿನ ಸಲ ನಗುತ್ತ ಬಂದಳು. "ಆಟೋ ಹತ್ತೋದಽ ಬಿಟ್ಟೇನ್ರಿ. ಬಸ್ಸಿನ್ಯಾಗ ಓಡಾಡಾಕತ್ತ ಮ್ಯಾಲೆ ಅರ್ಧ ನೋವು ಇಳದೈತಿ."

ಬಿಡಿಸಿ ಹೇಳಲು ಎಷ್ಟು ಒದ್ದಾಡಿದರೂ ಕೇಳಲಿಲ್ಲ. ನನ್ನ ಗುಳಿಗೆಯ ಪುಣ್ಯವೆಲ್ಲ ಬಸ್ಸಿಗೆ ಹೋಯಿತು.

ಬೋರ್ಡಿನ ತಪ್ಪು

ಅಮ್ಮಿನಬಾವಿಯ ಅಜ್ಜಿಯೊಬ್ಬಳು ಬೆರಳುಗಳು ನೋಯುತ್ತವೆಂದು ಮಗಳ ಜೊತೆ ಬಂದಳು. ಕೈ ನೋಡಿ ಮುಗಿಸಿ, "ಆಯಿ, ಸ್ವಲ್ಪ ಬಾಯಿ ತೆಗೀರಿ" ಎಂದೆ.

"ಕೈ ನೂಸಾಕತ್ತಾವಬೇ, ಬಾಯಿ ಅಲ್ಲ."

ಬಲವಂತ ಮಾಡಿ ನೋಡಿದರೆ ವಸಡು ಬಾತು ಕೀವು ಕಟ್ಟಿತ್ತು. "ವಸಡಿನ್ಯಾಗ ವರ್ಷಗಟ್ಟಲೆ ಸೋಂಕು ಕುಂತಿದ್ರ ಅದು ಕೀಲಿನ ರೋಗಾನೂ ಎಬ್ಬಿಸಬಹುದು ಅಂತ ತಿಳಿದವರಿಗೆ ಸಂಶಯ ಐತಿ ಆಯಿ. ಇನ್ನೂ ಖಾತ್ರಿ ಆಗಿಲ್ಲ. ಆದ್ರ ಬಾಯಿ ಸ್ವಚ್ಛ ಆದ್ರ ಲುಕ್ಸಾನ ಏನಿಲ್ಲಲ್ಲ?"

ಅಜ್ಜಿ ಮಗಳನ್ನು ಗದರಿದಳು. "ಡಾಕ್ಟರ್ ಬಾಯಿ ಅಂದ್ರ ಹೆಣ್ಣ ಡಾಕ್ಟರ್ ಅಂತ ತಿಳದಿದ್ದೆ. ಬಾಯಿ ಡಾಕ್ಟರ್ ಅಂತ ಮೊದಲಽ ಹೇಳಬಾರದೇನ?"

ಪಕ್ಕದ ರಸ್ತೆಯ ಹಲ್ಲಿನ ಡಾಕ್ಟರ ಕಡೆ ಕಳಿಸಿದೆ. ಅವರು ಶಿಸ್ತಿನ ಮನುಷ್ಯ. ಹಲ್ಲು ಮುಟ್ಟುವ ಮೊದಲು, "ಕೀಲಿನ ಬ್ಯಾನಿ ಅಂತೀರಿ, ಎಲ್ಲಿ, ಕೈ ತೋರಸ್ರಿ" ಎಂದರಂತೆ. ಅಜ್ಜಿ ಕುರ್ಚಿಯಿಂದ ಇಳಿದು ಸೀದಾ ನನ್ನ ಮುಂದೆ ಬಂದು ನಿಂತಳು. "ನೀ ಕೈ ಅಂದ್ರ ಬಾಯಿ ನೋಡ್ತಿ, ಅವ ಬಾಯಿ ಅಂದ್ರ ಕೈ ನೋಡ್ತಾನ. ಬೋರ್ಡ ಬರದವ ನಿಮ್ಮಿಬ್ಬರದೂ ಅದಲಬದಲ ಹಚ್ಚ್ಯಾನ. ಲಗೂ ಬದಲ ಮಾಡಸ್ರಿ, ಮಂದಿ ತಿರಗಿ ತಿರಗಿ ಸಾಯಾಕತ್ತಾರ!"

ಹೇಗೋ ಒಪ್ಪಿಸಿದೆವು. ವಸಡೂ ವಾಸಿಯಾಯಿತು, ನನ್ನ ಗುಳಿಗೆಗಳನ್ನೂ ನುಂಗಿದಳು, ಬೆರಳು ಸಡಿಲಾದವು. ಯಾವುದರಿಂದ ಎಷ್ಟು ಗುಣವಾಯಿತೋ ಈಗಲೂ ಹೇಳಲಾರೆ. ಅಜ್ಜಿ ಮಾತ್ರ ಎರಡು ಚೀಲ ಶೇಂಗಾ ತಂದಳು. "ಒಂದು ನಿನಗ, ಒಂದು ಅವಗ. ಯಾರು ಗುಣಾ ಮಾಡಿದ್ರೋ ಗೊತ್ತಿಲ್ಲ, ಜಗಳಾಡಬ್ಯಾಡ್ರಿ."

ರೊಟ್ಟಿಯ ಸಪ್ಪಳ

ಉಪ್ಪಿನಬೆಟಗೇರಿಯ ಗಂಡ-ಹೆಂಡತಿ. ಗಂಡನಿಗೆ ಹುರಿ ಮಾಡಿದ ಮೀಸೆ, ಎತ್ತರದ ಆಳು. ಒಂದು ಮಳೆಗಾಲ ಇಬ್ಬರಿಗೂ ಚಿಕೂನ್‌ಗುನ್ಯಾ ಬಂತು. ಗಂಡ ಎದ್ದು ಹೊಲಕ್ಕೆ ಹೋದ. ಹೆಂಡತಿಯ ಜ್ವರ ಇಳಿದರೂ ಕೀಲುಗಳ ಬಾವು ತಿಂಗಳುಗಟ್ಟಲೆ ಇಳಿಯಲಿಲ್ಲ. ಮೊದಲ ಸಲ ಬಂದಾಗ ಆಕೆ ಅತ್ತುಬಿಟ್ಟಳು. "ರೊಟ್ಟಿ ಬಡ್ಯಾಕ ಆಗದ ಕೈ ಇದ್ದರೇನು, ಬಿಟ್ಟರೇನ್ರಿ?" ಗಂಡ ನೆಲ ನೋಡುತ್ತ ಕೂತಿದ್ದ.

ಮುಂದಿನ ಸಲ ಆಕೆಯ ಮುಖದಲ್ಲಿ ನಗು ಇತ್ತು. "ಈಗ ರೊಟ್ಟಿ ಯಾರು ಮಾಡ್ತಾರವ್ವಾ?" ಎಂದೆ. ಗಂಡ ಕೆಮ್ಮಿ ಕಿಟಕಿ ಕಡೆ ತಿರುಗಿದ. ಆಕೆ ಪಿಸುಗುಟ್ಟಿದಳು. "ಇವರಽರಿ. ಬಡಿಯೋ ಸಪ್ಪಳ ಓಣಿಗೆ ಕೇಳಬಾರದಂತ ಟಿವಿ ಜೋರ ಹಚ್ಚಿ ಬಡೀತಾರ. ಮಗ್ಗಲಮನಿಯಾಕಿ ಕಿವಿ ಡಾಕ್ಟರ ವಿಳಾಸ ಕೊಟ್ಟು ಹೋಗ್ಯಾಳ್ರಿ, ಯಜಮಾನರಿಗೆ ತೋರಸ್ರಿ ಅಂತ!"

ನಾನು ಕೊಟ್ಟ ಗುಳಿಗೆ ನುಂಗುತ್ತ ಕೆಲವು ತಿಂಗಳಲ್ಲಿ ಬಾವು ಇಳಿಯಿತು. ಬಲ ನೋಡಲು, "ನನ್ನ ಬೆರಳು ಹಿಡದು ಹಿಚುಕು" ಎಂದೆ. ಹಿಚುಕಿದಳು ನೋಡಿ, ನಾನೇ "ಯವ್ವಾ" ಎಂದು ಕೂಗಿದೆ.

ಗಂಡ ಎದ್ದು ನಿಂತು ಕೈ ಮುಗಿದ. "ಪೂರಾ ಆರಾಮ ಆದ್ಳಲ್ರಿ! ಹಂಗಾರ ನಾಳಿಂದ ನನ್ನ ಒಲಿಯಿಂದ ಬಿಡಸ್ರಿ."

"ತಡೀರಿ," ಎಂದೆ, "ಮೊದಲ ಗುಳಿಗಿ ವಿಚಾರ. ಇದನ್ನ ಒಮ್ಮೆಲೆ ನಿಲ್ಲಸಬಾರದು. ನಿಲ್ಲಿಸಿದ್ರ ತ್ರಾಸ ಆಗತೈತಿ. ವಾರಕ್ಕ ಒಂದೀಟು, ಒಂದೀಟು ಕಡಿಮಿ ಮಾಡ್ಕೋತ ಹೋಗಬೇಕು."

ಹೆಂಡತಿ ಸೆರಗು ಸರಿಮಾಡಿಕೊಂಡು ಬಲು ನಮ್ರವಾಗಿ ಹೇಳಿದಳು: "ಹಂಗಾರ ಬಾಯಾರ, ಇವರ ರೊಟ್ಟೀನೂ ಒಮ್ಮೆಲೆ ನಿಲ್ಲಸೋದು ಬ್ಯಾಡ್ರಿ. ವಾರಕ್ಕ ಒಂದೊಂದು ಕಡಿಮಿ ಮಾಡ್ಕೋತ ಹೋಗೋಣು."