ಮದುವೆ ಸ್ಟುಡಿಯೊದ ಎರಡು ಡಿಸ್ಕು

ಇದೆಲ್ಲ ನಡೆದದ್ದು ಹೋದ ವರ್ಷದ ಮದುವೆ ಸೀಸನ್‌ನಲ್ಲಿ, ಸ್ವಾರಗೇಟ ಬಸ್ ನಿಲ್ದಾಣದ ಹತ್ತಿರದ ಒಂದು ಫೋಟೊ ಸ್ಟುಡಿಯೊದಲ್ಲಿ. ನಾನು ಅಲ್ಲಿಯ ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಹಾರ್ಡ್ ಡಿಸ್ಕ್ ಕೆಟ್ಟರೆ ಉಪಾಯವಿದೆ. ಅದನ್ನು ಇಟ್ಟುಕೊಂಡವರಿಗೆ ಇಲ್ಲ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

ಸರ್ವರ್‌ನಲ್ಲಿ ಗಿರಾಕಿಗಳ ಮದುವೆ ವಿಡಿಯೊಗಳಿದ್ದವು. ಮಾಲಕರ ಮಗಳ ಮದುವೆಯೂ ಇತ್ತು. ಕ್ಯಾಮೆರಾ ಕಾರ್ಡನ್ನು ಅಳಿಸಿ ಮುಂದಿನ ಮದುವೆಗೆ ಒಯ್ಯುತ್ತಿದ್ದರು. ಸರ್ವರ್‌ನಿಂದ ಹೋದ ಮದುವೆ ಹೋದಂತೆಯೇ.

ಒಂದೇ ಮಾಲು

ಎರಡು ಡಿಸ್ಕು ಹಾಕಿ, ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಬೀಳುವಂತೆ ಮಾಡಿದ್ದೆ. ಒಂದು ಸತ್ತರೆ ಇನ್ನೊಂದು ನಡೆಸುತ್ತದೆ. ಮುಂದಿನ ವಾರ ಹೋದರೆ ಒಂದು ಡಿಸ್ಕೇ ಇಲ್ಲ.

“ಮನಿ ಕಂಪ್ಯೂಟರಿಗೆ ಹಾಕೀನ್ರಿ,” ಎಂದರು ಮಾಲಕರು. “ಎರಡ್ರಾಗೂ ಒಂದ ಮಾಲ್ ಅದ ಅಂತ ನೀವ ಅಂದಿದ್ರಿ. ಒಂದು ದಂಡ ಅಲ್ಲೇನು?”

“ಉಳಿದದ್ದು ಕೆಟ್ರ?”

“ಕೆಟ್ಟಿಲ್ಲಲ್ಲ! ಒಂದರ ಮ್ಯಾಲೇ ಹೆಂಗ ಓಡಾಕತ್ತದ ನೋಡ್ರಿ. ಸುಮ್ನ ಹೆದರಸ್ತೀರಿ ಸಾಹೇಬ್ರ.”

“ನಿಮ್ಮ ಕಾರಿನ ಸ್ಟೆಪ್ನಿನೂ ಮಾರ್ರಿ ಹಂಗಾದ್ರ.”

ಡಿಸ್ಕು ಸಂಜೆಗೆ ವಾಪಸ್ ಬಂತು, ತುಂಬ ಸಿನಿಮಾ ಹೊತ್ತುಕೊಂಡು. ಅವನ್ನು ಅಳಿಸಿದ್ದಕ್ಕೆ ಮಾಲಕರು ಎರಡು ವಾರ ನನಗೆ ಚಹಾ ಹೇಳಲಿಲ್ಲ.

ಅದಕ್ಕೆ ಹೇಳಿದವರ್ಯಾರು?

ಎಡಿಟಿಂಗ್ ಮಾಡುವ ಅಕ್ಕ ಇಂದಾಪುರದ ಒಂದು ಮದುವೆಯನ್ನು ಕೈತಪ್ಪಿ ಅಳಿಸಿಬಿಟ್ಟರು. ಮುಖದಲ್ಲಿ ಗಾಬರಿ ಇಲ್ಲ.

“ಎರಡನೇ ಡಿಸ್ಕಿನಾಗ ಅದಲ್ರಿ? ತೆಗದು ಕೊಡ್ರಿ.”

“ಅದರಾಗೂ ಅಳಿಸಿ ಹೋಗ್ಯದ ಅಕ್ಕಾರ. ಇದರಾಗ ಆದದ್ದೆಲ್ಲ ಅದರಾಗೂ ಆಗ್ತದ.”

“ನಾ ಅಳಿಸಿದ್ದು ಒಂದರಾಗ. ಅದಕ್ಕ ಹೇಳಿದವರ್ಯಾರು?”

ಕಾರ್ಡು ಇನ್ನೂ ಅಳಿಸಿರಲಿಲ್ಲ, ಮದುವೆ ಉಳಿಯಿತು. ಅಕ್ಕ ಮಾಲಕರ ಬಳಿ ದೂರು ಒಯ್ದರು: “ಈ ಹುಡುಗ ತಂದ ಡಿಸ್ಕು ಹೇಳದ ಕೆಲಸಾನೂ ಮಾಡ್ತದ್ರಿ.”

ಭಾಳ ಆರಾಮ

ಡಿಸ್ಕು ಕೆಟ್ಟರೆ ಸರ್ವರ್ ಪೆಟ್ಟಿಗೆ ಬೀಪ್ ಅನ್ನಬೇಕು, ಮಾಲಕರಿಗೆ ಈಮೇಲ್ ಹೋಗಬೇಕು ಎಂದು ವ್ಯವಸ್ಥೆ ಮಾಡಿದ್ದೆ. ಒಂದು ದಿನ ಫೋನ್ ಬಂತು: ಸರ್ವರ್ ನಿಂತಿದೆ. ಹೋಗಿ ನೋಡಿದರೆ ಎರಡೂ ಡಿಸ್ಕು ಸತ್ತಿದ್ದವು.

“ಬೀಪ್ ಆಗ್ಲಿಲ್ಲೇನು?”

“ಆತಲ್ರಿ!” ಎಂದರು ಅಕ್ಕ. “ವಾರಗಟ್ಟಲೆ ಬಡಕೊಂಡ್ತು. ವಿಡಿಯೊಕ್ಕ ಹಾಡು ಕೂಡಸಾಕ ಬಿಡಲಿಲ್ಲ. ಬೀಪಿನ ವಾಯರ್ ಕತ್ತರಿಸಿದೆ.”

“ಆಮ್ಯಾಲ?”

“ಆಮ್ಯಾಲ ಭಾಳ ಆರಾಮ ಆತ್ರಿ.”

ಈಮೇಲ್ ಏನಾಯಿತು ಎಂದು ಮಾಲಕರನ್ನು ಕೇಳಿದೆ.

“ದಿನಾ ಬರ್ತಿತ್ತು. ಸಾಲ ಕೊಡೋರ್ದು ಇರ್ಬೇಕಂತ ಬ್ಲಾಕ್ ಮಾಡೀನಿ.”

ಮೊದಲನೆಯ ಡಿಸ್ಕು ಸತ್ತದ್ದಕ್ಕೆ ಇಷ್ಟು ಕೂಗಾಟ ನಡೆದಿತ್ತು. ಎರಡನೆಯದು ಆ ಆರಾಮದಲ್ಲೇ ತೀರಿಕೊಂಡಿತು.

ಲಾಕರ್

ಮಾಲಕರು ಮಗಳನ್ನು ಕೊಟ್ಟ ಸೊಲ್ಲಾಪುರದ ಬೀಗರು ಮದುವೆ ವಿಡಿಯೊ ಎಲ್ಲಿ ಎಂದು ದಿನಾ ಕೇಳುತ್ತಿದ್ದರು. ಮಾಲಕರು ಮಾತ್ರ ನಗುತ್ತಿದ್ದರು.

“ಮುಖ ಯಾಕ ಸಣ್ಣದು ಮಾಡೀರಿ ಸಾಹೇಬ್ರ? ಮೂರನೇ ಡಿಸ್ಕಿಗೆ ನಕಲು ಇಳಿಸಿ ಬ್ಯಾರೆ ಕಡಿ ಇಡ್ರಿ ಅಂದಿದ್ರಿ. ಇಟ್ಟೀನಿ. ಬ್ಯಾಂಕಿನ ಲಾಕರಿನಾಗ!”

ಅವರ ಮೇಲೆ ಮೊದಲ ಸಲ ಗೌರವ ಹುಟ್ಟಿತು. ಬ್ಯಾಂಕಿಗೆ ಹೋದೆವು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಅವರು ಒಳಗಿನಿಂದ ಒಂದು ಗಂಟು ತಂದು ಬಿಚ್ಚಿದರು. ರೇಷ್ಮೆ ಬಟ್ಟೆ, ಅದರೊಳಗೆ ಅಂಗಡಿಯಿಂದ ಬಂದಂತೆಯೇ ಡಿಸ್ಕಿನ ಡಬ್ಬಿ, ಡಬ್ಬಿಗೆ ಅರಿಷಿಣ ಕುಂಕುಮ.

“ಸೀಲ್ ಒಡದೇ ಇಲ್ಲಲ್ರಿ?”

“ಒಡದ್ರ ಗ್ಯಾರಂಟಿ ಹೋಗ್ತದ.”

“ಮತ್ತ ಮಗಳ ಮದುವಿ ಇದರಾಗ ಹೆಂಗ ಬಂತು?”

ಮಾಲಕರು ಡಬ್ಬಿಯನ್ನೂ ನನ್ನನ್ನೂ ನೋಡಿದರು. ನಗು ಹೋಗಿತ್ತು.

“ಒಮ್ಮಿ ಹಚ್ಚಿ ನೋಡ್ರಿ. ಇದ್ರೂ ಇರಬಹುದು.”

ಸೀಲ್ ಒಡೆದು ಲ್ಯಾಪ್‌ಟಾಪಿಗೆ ಹಚ್ಚಿದೆ. ಫೈಲುಗಳು: ಸೊನ್ನೆ.