ಜನಕನ ಮಗಳು ಪಾಸಾದಳು

ನಮ್ಮ ಗಿರಿಜೆ ಪಾಸಾದಳು ಸ್ವಾಮಿ! ಲೋಯರ್ ಸೆಕೆಂಡರಿ ಪರೀಕ್ಷೆ, ಅದರಲ್ಲೂ ವಿಜ್ಞಾನದಲ್ಲಿ ಇಡೀ ಶಾಲೆಗೇ ಮೊದಲು! ಹಾಸನದಿಂದ ಬಂದ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸಿನಿಂದ ಇಳಿದ ಅವಳ ಮೇಷ್ಟ್ರು ಮುಖದ ಮಸಿಯನ್ನೂ ಒರೆಸಿಕೊಳ್ಳದೆ ನೇರವಾಗಿ ನಮ್ಮ ಅಂಗಡಿಗೆ ಬಂದು ಹೇಳಿದರು. ನಾನು ಆಗ ಬೆಲ್ಲ ತೂಗುತ್ತಿದ್ದೆ. ಸಂತೋಷದಲ್ಲಿ ತಕ್ಕಡಿಯ ತಟ್ಟೆಯ ಮೇಲೆ ಕೈ ಊರಿಬಿಟ್ಟಿದ್ದೆನಂತೆ. ಗಿರಾಕಿ ಬಹಳ ಮರ್ಯಾದೆಯಿಂದ, "ಯಜಮಾನ್ರೇ, ಕೈ ತಗೀರಿ, ಅದ್ನ ನಾನು ಕೊಳ್ಳಾಕಿಲ್ಲ" ಅಂದ. ತೆಗೆದೆ. ತೆಗೆದು ಅವನ ಬೆನ್ನಿಗೇ ಒಂದು ಗುದ್ದಿ, "ಮೊಮ್ಮಗಳು ಪಾಸಾದಳು ಕಣಯ್ಯಾ" ಅಂದೆ. ಮೊಮ್ಮಗಳು ಪಾಸಾದರೆ ತನ್ನ ಬೆನ್ನಿಗೇಕೆ ಗುದ್ದಬೇಕು ಅನ್ನುವುದು ಪಾಪ ಅವನಿಗೆ ತಿಳಿಯಲಿಲ್ಲ. ಅಚ್ಚು ಬೆಲ್ಲ ಎತ್ತಿಕೊಂಡು ಬೇಗ ಹೊರಟುಹೋದ.

ಇಷ್ಟು ಕುಣಿಯುವ ಮುದುಕ ತಾನೇನು ಓದಿದ್ದಾನೆ ಅಂತ ನೀವು ಕೇಳಬಹುದು. ನಾನು ಓದಿದ್ದು ಕೂಲಿಮಠದಲ್ಲಿ, ಮರಳಿನ ಮೇಲೆ ಅಕ್ಷರ ತಿದ್ದಿ. ಗಾಳಿ ಬೀಸಿದರೆ ನನ್ನ ವಿದ್ಯೆಯೆಲ್ಲ ಪಕ್ಕದವನ ಮುಂದಕ್ಕೆ ಹೋಗುತ್ತಿತ್ತು. ನಮಗೆ ಕಲಿಸುತ್ತಿದ್ದ ಐಗಳು ತೊಲೆಗೆ ಹಗ್ಗ ಕಟ್ಟಿ, ಮಗ್ಗಿ ತಪ್ಪಿದವರನ್ನು ಅದಕ್ಕೆ ಜೋತುಬೀಳಿಸಿ, ಕೆಳಗಿನಿಂದ ಬೆತ್ತ ಆಡಿಸುತ್ತಿದ್ದರು. ಅದಕ್ಕೆ ಕೋದಂಡ ಅಂತ ಹೆಸರು. ಸಾಕ್ಷಾತ್ ಶ್ರೀರಾಮನ ಬಿಲ್ಲಿನ ಹೆಸರು! ನನ್ನ ಮಟ್ಟಿಗೆ ರಾಮಾಯಣ ಶುರುವಾದದ್ದೂ ಮುಗಿದದ್ದೂ ಆ ಹಗ್ಗದಲ್ಲಿಯೇ. ಮಾರನೆಯ ದಿನ ಬೆಲ್ಲ ಹೊತ್ತ ನಮ್ಮಪ್ಪನ ಹೇರೆತ್ತಿನ ಹಿಂದೆ ಅರಕಲಗೂಡು ಸಂತೆಗೆ ಹೋದವನು ಮತ್ತೆ ಮಠದ ಕಡೆ ತಲೆಹಾಕಲಿಲ್ಲ.

ಗಿರಿಜೆ ನನ್ನ ಮಗ ರುದ್ರಪ್ಪನ ಒಬ್ಬಳೇ ಮಗಳು. ಮಾತು ಬಂದ ದಿನದಿಂದ ಕೇಳುವುದೇ ಕೆಲಸ. "ತಾತಾ, ಬೆಲ್ಲದ ಪಾಕಕ್ಕೆ ಸುಣ್ಣ ಯಾಕಾಕ್ತಾರೆ?" "ಹಾಕ್ತಾರೆ, ಅದಕ್ಕೇ ಹಾಕ್ತಾರೆ." "ಯಾಕಾಕ್ತಾರೆ?" "ಲೇ, ಓಗಿ ಅಜ್ಜೀನ ಕೇಳು." ನನ್ನ ಹೆಂಡತಿ ನಂಜವ್ವನ ಹತ್ತಿರ ಹೋದರೆ, "ನಿನ್ ತಾತನ್ನೇ ಕೇಳು, ಯಾಪಾರ ಮಾಡೋರು ಅವ್ರು" ಎಂಬ ಉತ್ತರ ಬರುತ್ತಿತ್ತು. ಹೀಗೆ ಅಂಗಡಿಗೂ ಅಡುಗೆಮನೆಗೂ ತಿರುಗಿ ತಿರುಗಿಯೇ ಮಗು ಬೆಳೆಯಿತು. ಸ್ಕೂಲಿಗೆ ಹೋದರೆ ಅಲ್ಲಿ ಓದಿದವರಿದ್ದಾರೆ, ನಮಗೆ ಬಿಡುಗಡೆ ಅಂದುಕೊಂಡೆವು.

ನಮ್ಮದು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯ ಊರು. ಸ್ಕೂಲಿನಲ್ಲಿ ಆಗ ವಿಜ್ಞಾನಕ್ಕೆ ಒಬ್ಬ ಮೇಷ್ಟ್ರಿದ್ದರು. ಹೆಸರು ಬೇಡ, ಈಗ ಬೇರೆ ಕಡೆ ಇದ್ದಾರೆ, ಅಲ್ಲಿಯ ಮಕ್ಕಳನ್ನು ದೇವರು ಕಾಯಲಿ. ವಿಜ್ಞಾನದ ಸಾಮಾನೆಲ್ಲ ಒಂದು ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ಅವರ ಜನಿವಾರದಲ್ಲಿತ್ತು. ಅವರು ಒಂದು ಸಾಲು ಹೇಳುವುದು, ಮಕ್ಕಳು ಕೂಗುವುದು. ಕೂಗಿ ಕೂಗಿ ಬಾಯಿಪಾಠ ಆದರೆ ವಿಜ್ಞಾನ ಬಂದಹಾಗೆ. ಒಂದು ದಿನ ಕೂಗಿಸಿದ ಪಾಠ ಇದು: ಗಾಳಿಯಲ್ಲಿ ಆಮ್ಲಜನಕ ಉಂಟು, ಸಾರಜನಕ ಉಂಟು, ನೀರಿನಲ್ಲಿ ಜಲಜನಕ ಉಂಟು. ನಮ್ಮ ಗಿರಿಜೆ ಎದ್ದು ನಿಂತು ಕೇಳಿಯೇಬಿಟ್ಟಳು: "ಸಾ, ಈ ಜನಕರೆಲ್ಲ ಸೀತಮ್ಮನ ಅಪ್ಪಂಗೆ ಏನಾಗಬೇಕು ಸಾ?"

ಕ್ಲಾಸು ಗೊಳ್ಳೆಂದು ನಕ್ಕಿತು. ನನ್ನನ್ನು ಕೇಳಿದರೆ ಪ್ರಶ್ನೆಯಲ್ಲಿ ತಪ್ಪೇನಿದೆ? ನನಗೂ ಅವರು ಮೂವರು ಅಣ್ಣತಮ್ಮಂದಿರ ಹಾಗೇ ಕೇಳಿಸುತ್ತಾರೆ. ಆದರೆ ನಕ್ಕದ್ದು ತಮ್ಮನ್ನು ನೋಡಿ ಅಂತ ಮೇಷ್ಟ್ರಿಗೆ ಅನ್ನಿಸಿತು. ಅವರಲ್ಲಿ ಒಂದು ಪದ್ಧತಿ ಇತ್ತು: ತಪ್ಪಿದವರ ಮೂಗನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕೆನ್ನೆಗೆ ಬಾರಿಸಬೇಕು. ಬಾರಿಸುವವರು ಜೊತೆಯ ಮಕ್ಕಳೇ. ಆವತ್ತು ಇಡೀ ಕ್ಲಾಸನ್ನೇ ಸಾಲಾಗಿ ನಿಲ್ಲಿಸಿದರು. "ಬಾರಮ್ಮಾ ಜನಕನ ಮಗಳೇ, ಸ್ವಯಂವರ ಶುರುವಾಗಲಿ" ಅಂದರಂತೆ. ಪುಟ್ಟಮ್ಮ ಅಂತ ಗಿರಿಜೆಯ ಗೆಳತಿ, ಅವಳ ಸರದಿ ಬಂದಾಗ ಕೆನ್ನೆಯನ್ನು ಸುಮ್ಮನೆ ಮುಟ್ಟಿದಳು. ಅದಕ್ಕೆ ಪುಟ್ಟಮ್ಮನ ಅಂಗೈಗೆ ಬೆತ್ತ ಬಿತ್ತು.

ಮನೆಗೆ ಬಂದಾಗ ಮಗುವಿನ ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ನಂಜವ್ವ ಅರಿಶಿನ ಹಚ್ಚುತ್ತ, "ಯಾರವ್ವಾ ಒಡೆದೋರು?" ಅಂದಳು. "ಎಲ್ಲಾರೂ" ಅಂತು ಮಗು.

ಆಮೇಲೆ ನಮ್ಮ ಮನೆಯಲ್ಲಿ ಪ್ರಶ್ನೆಗಳು ನಿಂತವು. ನೀವು ನಂಬಿದರೆ ನಂಬಿ, ನಾನೇ ಹೋಗಿ, "ಸುಣ್ಣ ಯಾಕಾಕ್ತಾರೆ ಗೊತ್ತೇನವ್ವಾ?" ಅಂತ ಕೆಣಕಿದರೂ ತಲೆ ಎತ್ತುತ್ತಿರಲಿಲ್ಲ. ಬೀದಿಯ ಹುಡುಗರು "ಜನಕನ ಮಗಳೇ" ಎಂದು ಕೂಗಿದರೆ ಹಿತ್ತಲಿಗೆ ಹೋಗಿ ಕೂರುತ್ತಿದ್ದಳು. ವಿಜ್ಞಾನದ ದಿನ ಬೆಳಗ್ಗೆಯೇ ಹೊಟ್ಟೆನೋವು. ಲೆಕ್ಕ, ಕನ್ನಡ ಎಲ್ಲದರಲ್ಲೂ ಮುಂದು, ವಿಜ್ಞಾನದಲ್ಲಿ ಮಾತ್ರ ಸೊನ್ನೆ. ಪುಟ್ಟಮ್ಮ ಸ್ಕೂಲನ್ನೇ ಬಿಟ್ಟಳು. ಬಿಟ್ಟ ಹೆಣ್ಣುಮಗುವನ್ನು ಮನೆಯಲ್ಲಿಟ್ಟುಕೊಂಡು ಏನು ಮಾಡುವುದು? ಮದುವೆ ಮಾಡಿದರು.

ರುದ್ರಪ್ಪನೂ ಅದೇ ರಾಗ ತೆಗೆದ. "ಇನ್ನೇನ್ ಓದ್ಸದಪ್ಪಾ ಇವಳ್ನ? ಚನ್ನರಾಯಪಟ್ಟಣದ ಗಂಡಿನೋರು ಕೇಳ್ತಾವ್ರೆ. ಓಗಿ ಇಸ್ಕೂಲ್ನಾಗೆ ಹೆಸರು ತೆಗೆಸ್ಬುಡು." ಮಗ ದೊಡ್ಡವನಾದ ಮೇಲೆ ಅಪ್ಪ ಅವನು ಹೇಳಿದ ಕೆಲಸ ಮಾಡುವ ಆಳು. ಪೇಟ ಸುತ್ತಿಕೊಂಡು ಹೊರಟೆ. ಅಷ್ಟರಲ್ಲಿ ಹಳೆಯ ಮೇಷ್ಟ್ರಿಗೆ ವರ್ಗವಾಗಿ, ಅರಕಲಗೂಡಿನಿಂದ ಹೊಸಬರು ಬಂದಿದ್ದರು. ಸಣಕಲು ಮನುಷ್ಯ, ಕೋಟಿನ ಮೊಣಕೈಗೆ ತೇಪೆ. ಪಾಠ ನಡೆಯುತ್ತಿತ್ತು. ಮುಗಿಯಲಿ ಎಂದು ಕಿಟಕಿಯ ಹತ್ತಿರ ನಿಂತೆ.

ಬೀರು ತೆರೆದಿತ್ತು! ಒಳಗಿದ್ದ ಜೇಡರ ಸಂಸಾರವೆಲ್ಲ ಬೀದಿಪಾಲಾಗಿತ್ತು. ಮೇಷ್ಟ್ರು ಹೊಸಬರು, ಮಕ್ಕಳ ಹೆಸರು ಕೇಳುತ್ತಿದ್ದರು. ಗಿರಿಜೆ ಬಾಯಿ ಬಿಡುವ ಮೊದಲೇ ಹಿಂದಿನಿಂದ ಒಬ್ಬ, "ಸಾ, ಅವಳು ಜನಕನ ಮಗಳು ಸಾ" ಅಂದ. ಯಾಕೆ ಅಂತ ಕೇಳಿದರು. ಹುಡುಗರು ಕಥೆಯೆಲ್ಲ ಹೇಳಿದರು, ಸ್ವಯಂವರದ ಸಮೇತ. ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಮೇಷ್ಟ್ರು ಗಿರಿಜೆಯ ಕಡೆ ತಿರುಗಿ, "ನಂಟು ಇದೆಯಮ್ಮಾ" ಅಂದರು. "ಜನಕ ಅಂದರೆ ಹುಟ್ಟಿಸುವವನು. ನೀರು ಹುಟ್ಟಿಸುವುದು ಜಲಜನಕ. ಹುಳಿ ಹುಟ್ಟಿಸುವುದು ಆಮ್ಲಜನಕ. ಆದರೆ ಒಂದು ತಮಾಷೆ ಗೊತ್ತಾ? ಹುಳಿಗೆಲ್ಲ ಅದೇ ಕಾರಣ ಅಂತ ಹೆಸರಿಟ್ಟ ದೊಡ್ಡವರು ತಪ್ಪು ತಿಳಿದಿದ್ದರು. ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಹೆಸರು ಕೂತುಬಿಟ್ಟಿತ್ತು."

"ದೊಡ್ಡೋರ ಮೂಗು ಯಾರ್ ಹಿಡಿದ್ರು ಸಾ?" ಅಂದ ಹಿಂದಿನವನು. ಮೇಷ್ಟ್ರು ಮೊದಲು ನಕ್ಕರು, ಆಮೇಲೆ ಕ್ಲಾಸು.

ಅಷ್ಟಾದ ಮೇಲೆ ಒಂದು ಗಾಜಿನ ನಳಿಗೆಯನ್ನು ಗಿರಿಜೆಯ ಕೈಗೆ ಕೊಟ್ಟು, ಹಿಡಿದುಕೋ ಅಂದರು. ಮಗು ಬೆರಳ ತುದಿಯಲ್ಲಿ ಹಿಡಿಯಿತು. ಠಳ್ಳೆಂದು ಬಿತ್ತು. ಆ ಕ್ಷಣ ನಾನು ಕಂಡದ್ದನ್ನು ಸಾಯುವ ತನಕ ಮರೆಯಲಾರೆ. ಇಡೀ ಕ್ಲಾಸು, ಗಂಡುಹುಡುಗರೂ ಸೇರಿ, ಒಟ್ಟಿಗೇ ಕೈಯೆತ್ತಿ ತಮ್ಮ ತಮ್ಮ ಕೆನ್ನೆ ಮುಚ್ಚಿಕೊಂಡಿತು. ಕಿಟಕಿಯ ಹೊರಗೆ ನಾನೂ ಮುಚ್ಚಿಕೊಂಡಿದ್ದೆ.

ಮೇಷ್ಟ್ರು ಓಡಿಬಂದು, "ಕಾಲು ನೋಡ್ಕೊಳಮ್ಮಾ, ಗಾಜು ಚುಚ್ಚೀತು" ಅಂದರು. ತಾವೇ ಕೂತು ಚೂರು ಆಯ್ದರು. ಇನ್ನೊಂದು ನಳಿಗೆ ತಂದು ಮತ್ತೆ ಅವಳ ಕೈಗೇ ಕೊಟ್ಟರು.

ನಾನು ಹಾಗೇ ಹಿಂದಕ್ಕೆ ಬಂದೆ. "ಹೆಸರು ತೆಗೆಸ್ದಾ?" ಅಂದ ರುದ್ರಪ್ಪ. "ಮೇಷ್ಟ್ರು ಸಿಕ್ಕಲಿಲ್ಲ ಕಣ್ಲಾ" ಅಂದೆ. ಮುಂದಿನ ವಾರವೂ ಸಿಕ್ಕಲಿಲ್ಲ. ಅದರ ಮುಂದಿನ ವಾರ ಮೇಷ್ಟ್ರಿಗೆ ಜ್ವರ ಬರಿಸಿದೆ. "ಏನಪ್ಪಾ, ದಿನಾ ಇಸ್ಕೂಲ್ನಾಗೆ ಮೇಷ್ಟ್ರೇ ಇಲ್ದಿದ್ರೆ ಇವಳು ಕಲಿಯೋದು ಯಾರತ್ರ?" ಅಂತ ಮಗ ಕೇಳಿದಾಗ ಬೆಲ್ಲಕ್ಕೆ ಇರುವೆ ಹತ್ತಿದೆ ಎಂದು ಒಳಗೆ ಹೋದೆ. ಅಷ್ಟರಲ್ಲಿ ಪ್ರಶ್ನೆಗಳು ಒಂದೊಂದಾಗಿ ಮನೆಗೆ ವಾಪಸು ಬರತೊಡಗಿದ್ದವು. ದೀಪದ ಮೇಲೆ ಲೋಟ ಕವುಚಿ ಆರಿಸುವುದು, ನಂಜವ್ವನ ಕೈಲಿ ಬೈಸಿಕೊಳ್ಳುವುದು, ಮತ್ತೆ ಹಚ್ಚಿ ಮತ್ತೆ ಕವುಚುವುದು. ಯುದ್ಧಕಾಲದಲ್ಲಿ ಅಳೆದು ಕೊಡುತ್ತಿದ್ದ ಸೀಮೆಎಣ್ಣೆ ಹೀಗೆ ವಿಜ್ಞಾನಕ್ಕೆ ಹೋಗುತ್ತಿತ್ತು.

ಈ ವರ್ಷದ ಮೊದಲಲ್ಲಿ ಪುಟ್ಟಮ್ಮ ಚೊಚ್ಚಲ ಹೆರಿಗೆಯಲ್ಲಿ ಹೋದಳು. ಮಗುವೂ ಉಳಿಯಲಿಲ್ಲ. ಬೆತ್ತ ತಿಂದ ಆ ಅಂಗೈ ನೋಡಿದ್ದೆ ನಾನು, ಅಲಸಂದೆ ಎಲೆಯಷ್ಟಿತ್ತು. ಗಿರಿಜೆ ಎರಡು ದಿನ ಅನ್ನ ಮುಟ್ಟಲಿಲ್ಲ. ಆ ಹೊತ್ತಿಗೇ ಚನ್ನರಾಯಪಟ್ಟಣದಿಂದ ಮತ್ತೆ ಹೇಳಿಕಳಿಸಿದರು. ನಂಜವ್ವ ಮಗನ ಎದುರು ನಿಂತು, "ಆ ಪುಟ್ಟಮ್ಮನ ಬಾಣಂತಿ ಕೋಣೆ ಹೊಗೆ ಇನ್ನೂ ಆರಿಲ್ಲ ಕಣ್ಲಾ ರುದ್ರಾ" ಅಂದಳು. ಅವನು ಎದ್ದು ಹೆಗಲ ವಸ್ತ್ರ ಕೊಡವಿದ. "ಪರೀಕ್ಷೆ ಆಗ್ಲಿ ಕಣವ್ವಾ. ಪಾಸಾದ್ರೆ ನೋಡನ. ಇಗ್ನಾನದಾಗೆ ಮತ್ತೆ ಸೊನ್ನೆ ತಂದ್ರೆ ಲಗ್ನ ಕಟ್ಟಿಸ್ತೀನಿ, ಆಗ ಯಾರೂ ಅಡ್ಡ ಬರಬ್ಯಾಡಿ" ಅಂದ.

ಇವತ್ತು ಮೇಷ್ಟ್ರು ಬಂದು ಹೇಳಿದ ಸುದ್ದಿ ಕೇಳಿ ಅವನು ಎದ್ದು ಅಂಗಡಿಯ ಹಿಂಬದಿಗೆ ಹೋದ. ಅಂಗಡಿಯ ಮೂಟೆಗಳನ್ನು ಅತ್ತಿಂದಿತ್ತ ಸರಿಸುತ್ತ ಕೂತ. ಸರಿಸಬೇಕಾದ ಮೂಟೆ ಅದರಲ್ಲಿ ಒಂದೂ ಇರಲಿಲ್ಲ. ನನಗೆ ಪ್ರಾಣ ಬಾಯಿಗೆ ಬಂದಿತ್ತು. ಪಾಸಾದರೆ ನೋಡೋಣ ಅಂದಿದ್ದನೇ ಹೊರತು ಹೈಸ್ಕೂಲಿಗೆ ಕಳಿಸುತ್ತೇನೆ ಅಂದಿರಲಿಲ್ಲವಲ್ಲ.

ಸಂಜೆ ನಂಜವ್ವ ಹೆಸರುಬೇಳೆ ಪಾಯಸ ಮಾಡಿ, ಇವತ್ತು ಗಂಡಸರು ಮೊದಲು, ಹೆಂಗಸರು ಆಮೇಲೆ ಎನ್ನುವುದಿಲ್ಲ, ಎಲ್ಲರೂ ಒಂದೇ ಸಾಲಿಗೆ ಕೂರಬೇಕು ಅಂತ ಅಪ್ಪಣೆ ಮಾಡಿದಳು. ಕೂತೆವು. ಗಿರಿಜೆ ಅಪ್ಪನ ಪಕ್ಕದಲ್ಲಿ. ಸೊಸೆ ಬಡಿಸಿ ತಾನೂ ಕೂತಳು. ಮುದ್ದೆ ಮುರಿದೆವು. ಅರ್ಧ ಊಟವಾದ ಮೇಲೆ ರುದ್ರಪ್ಪ ತಲೆ ಎತ್ತದೆ, "ಹಾಸನದಾಗೆ ನಮ್ ಸೋದರತ್ತೆ ಮನೆ ಐಸ್ಕೂಲಿಗೆ ದೂರಾಯ್ತದೇನವ್ವಾ?" ಅಂದ.

ಗಿರಿಜೆ ಅಪ್ಪನ ಮುಖ ನೋಡಿದಳು. "ನಡೀತೀನಿ ಕಣಪ್ಪಾ" ಅಂದಳು.

ನಾನು ಯಾರ ಮುಖವನ್ನೂ ನೋಡಲಿಲ್ಲ. ಎಲೆಯ ಕಡೆಗೇ ಬಗ್ಗಿ, ಕೈಗೆ ಸಿಕ್ಕ ಚೊಂಬನ್ನು ಬಗ್ಗಿಸಿಕೊಂಡು ಗಬಗಬ ಉಂಡೆ. ಪಾಯಸಕ್ಕೆ ಮಜ್ಜಿಗೆ ಸುರಿದುಕೊಂಡಿದ್ದು ಎರಡನೆಯ ತುತ್ತಿಗೆ ಗೊತ್ತಾಯಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಎಂಗಿದೆ?" ಅಂದಳು ನಂಜವ್ವ. "ಬಲು ಚೆನ್ನಾಗಿದೆ" ಅಂದೆ. ಅವಳು ಇನ್ನೊಂದು ಸೌಟು ಪಾಯಸ ಬಡಿಸಿ, ಮೇಲೆ ತಾನೇ ಮಜ್ಜಿಗೆ ಹಾಕಿದಳು.